ಚಹಾಕೋಣೆಯ ಮಾತು: ಕಲ್ಪಿತ ವಾಸ್ತವ ಮತ್ತು ಜಪಾನೀ ಭಾಷೆಯ ಕಲಿಕೆ

ಭಾಷೆಯನ್ನು ಅದರ ಸಂಸ್ಕೃತಿಯೊಡನೆಯೇ ಕಲಿಯಬೇಕೆಂಬುದು ಭಾಷಾಬೋಧನೆಯ ಚರ್ಚೆಗಳಲ್ಲಿ ಹಳೆಯ ಮಾತು. ಆ ಸಂಸ್ಕೃತಿಯನ್ನು ತರಗತಿಯೊಳಕ್ಕೆ ತರುವುದು ಹೇಗೆ ಎಂಬ ಪ್ರಶ್ನೆಗೆ ಹೆಚ್ಚಾಗಿ ಚಿತ್ರಪಟ, ಚಲನಚಿತ್ರಗಳೇ ಉತ್ತರವಾಗಿದ್ದವು. 2016ರಲ್ಲಿ ತಲೆಗೆ ಧರಿಸುವ ವರ್ಚುವಲ್ ರಿಯಾಲಿಟಿ ಸಾಧನಗಳು ಸಾಮಾನ್ಯ ಗ್ರಾಹಕರ ಮಾರುಕಟ್ಟೆಗೆ ಬಂದ ಮೇಲೆ ಚಹಾಕೋಣೆ, ದೇಗುಲದ ಅಂಗಳ ಮೊದಲಾದವುಗಳನ್ನು ಕಲ್ಪಿತ ವಾಸ್ತವದಲ್ಲಿ ಕಟ್ಟಿ ಜಪಾನೀ ಭಾಷೆಯನ್ನು ಕಲಿಸುವ ಪ್ರಯತ್ನಗಳು ಕಾಣಿಸಿಕೊಂಡವು. ಇಂಥ ಅನುಭವದಿಂದ ಕಲಿಯುವವರಿಗೆ ದೊರೆಯುವುದು ಭಾಷೆಯೋ, ಭಾಷೆಯ ಹಿನ್ನೆಲೆಯ ದೃಶ್ಯವೋ ಎಂಬುದು ಇಲ್ಲಿನ ಪ್ರಶ್ನೆ.

ದೇಹದ ಮೂಲಕ ಭಾಷೆಯನ್ನು ಕಲಿಸುವ ಆಲೋಚನೆಯೇನೂ ಹೊಸದಲ್ಲ. ಜಪಾನೀ ಭಾಷೆಯಲ್ಲಿ ಆಜ್ಞೆಗಳನ್ನು ಕೇಳಿಸಿ, ಅವುಗಳಿಗೆ ತಕ್ಕ ಕ್ರಿಯೆಯನ್ನು ಮಾಡಿಸುವ ಬೋಧನಾಕ್ರಮದ ಬಗೆಗೆ ಕುನಿಹಿರಾ ಮತ್ತು ಜೇಮ್ಸ್ ಆಶರ್ ಅವರು 1965ರಲ್ಲಿಯೇ ಬರೆದಿದ್ದರು. ಕಲ್ಪಿತ ವಾಸ್ತವವು ಈ ಕ್ರಮಕ್ಕೆ ಒಂದು ಸ್ಥಳವನ್ನು ಒದಗಿಸುತ್ತದೆ. ಇದರ ಪ್ರಯೋಜನವು ನಿರ್ದೇಶಕ ಸರ್ವನಾಮಗಳಲ್ಲಿ ಸ್ಪಷ್ಟವಾಗುತ್ತದೆ. ಮಾತನಾಡುವವರ ಕೈಯಲ್ಲಿರುವ ಬಟ್ಟಲು ‘ಕೊರೆ’. ಕೇಳುವವರ ಮುಂದಿರುವುದು ‘ಸೊರೆ’. ಇಬ್ಬರಿಗೂ ದೂರವಾದ ಸುರುಳಿಚಿತ್ರ ‘ಅರೆ’. ಹಳಗನ್ನಡದಲ್ಲಿಯೂ ‘ಇದು’, ‘ಅದು’ಗಳ ನಡುವೆ ‘ಉದು’ ಎಂಬ ರೂಪವಿತ್ತೆಂಬುದು ಕನ್ನಡ ವಿದ್ವಾಂಸರಿಗೆ ತಿಳಿದ ಸಂಗತಿ. ‘ಉದು’ ನಡುವಣ ದೂರವನ್ನು ಸೂಚಿಸಿದರೆ, ‘ಸೊರೆ’ ಕೇಳುವವರ ಇರವನ್ನೇ ಆಧರಿಸುತ್ತದೆ. ಪುಸ್ತಕದ ಪುಟದಲ್ಲಿ ಈ ‘ಕೇಳುವವರು’ ಎಲ್ಲಿಯೂ ಕುಳಿತಿರುವುದಿಲ್ಲ. ಕಲ್ಪಿತ ಕೋಣೆಯಲ್ಲಿ ಕುಳಿತಿರುತ್ತಾರೆ.

ಚಹಾಕೂಟದ ವಿಧಿಯಲ್ಲಿ ಈ ಇರವು ಇನ್ನೂ ಸೂಕ್ಷ್ಮವಾಗಿದೆ. ಉರಾಸೆಂಕೆ ಪರಂಪರೆಯ ಕ್ರಮದಂತೆ, ತೆಳುಚಹಾದ ಬಟ್ಟಲನ್ನು ಪಡೆದ ಅತಿಥಿ ಅದನ್ನು ತನ್ನ ಮತ್ತು ಪಕ್ಕದ ಅತಿಥಿಯ ನಡುವೆ ಇರಿಸಿ, ತಲೆಬಾಗಿ ‘ಒಸಾಕಿ ನಿ’ ಎನ್ನುತ್ತಾರೆ. ನಿಮಗಿಂತ ಮೊದಲು ಸ್ವೀಕರಿಸುತ್ತಿದ್ದೇನೆ ಎಂಬುದು ಅದರ ಭಾವ. ಬಳಿಕ ಬಟ್ಟಲನ್ನು ಮಂಡಿಯ ಮುಂದಿರಿಸಿಕೊಂಡು ಆತಿಥೇಯರಿಗೆ ‘ಒತೆಮಾಎ ಚೋದಾಯ್ ಇತಾಶಿಮಾಸ್’ ಎಂದು ವಿನಯರೂಪದ ಕ್ರಿಯಾಪದದಲ್ಲಿ ಅರಿಕೆ ಮಾಡುತ್ತಾರೆ. ಬಟ್ಟಲಿನ ಸ್ಥಾನ ಬದಲಾದಂತೆ ಮಾತಿನ ಪಾತ್ರಗಳೂ ಬದಲಾಗುತ್ತವೆ. ‘ಒಸಾಕಿ ನಿ’ ಚಹಾಕೋಣೆಗಷ್ಟೇ ಸೀಮಿತವಾದ ನುಡಿಯೂ ಅಲ್ಲ. ಸಹೋದ್ಯೋಗಿಗಳಿಗಿಂತ ಮೊದಲು ಕಚೇರಿಯಿಂದ ಹೊರಡುವವರು ‘ಒಸಾಕಿ ನಿ ಶಿತ್ಸುರೇಯ್ ಶಿಮಾಸ್’ ಎನ್ನುವುದು ಇಂದಿಗೂ ವಾಡಿಕೆ. ‘ಸಾಂಪ್ರದಾಯಿಕ’ವೆಂದು ಪ್ರತ್ಯೇಕಿಸಿದ ಅನುಭವವೊಂದು ದೈನಂದಿನ ಭಾಷೆಗೆ ದಾರಿಯಾಗುವುದು ಇಂಥಲ್ಲಿಯೇ, ಕಿಮೊನೊದ ಬಣ್ಣದಲ್ಲಿ ಅಲ್ಲ.

ಇಷ್ಟಾದರೂ ತಂತ್ರಜ್ಞಾನದ ಹೆಸರಿನಲ್ಲಿ ಎಲ್ಲವನ್ನೂ ಒಂದೇ ಎಂದು ಭಾವಿಸಲಾಗದು. ಸುತ್ತಲೂ ಕಾಣುವಂತೆ ಚಿತ್ರೀಕರಿಸಿದ ವಿಡಿಯೊದಲ್ಲಿ ವೀಕ್ಷಕರ ನಮಸ್ಕಾರಕ್ಕೆ ಪ್ರತಿನಮಸ್ಕಾರವಿಲ್ಲ. ಧ್ವನಿಯನ್ನು ಗುರುತಿಸುವ ಪಾಠಗಳು ನಿಗದಿತ ವಾಕ್ಯದ ಉಚ್ಚಾರಣೆಯನ್ನು ಪರೀಕ್ಷಿಸಬಲ್ಲವು. ಆದರೆ ಗೌರವರೂಪವನ್ನು ಆರಿಸಿಕೊಳ್ಳಬೇಕಾದ ಸಂಕೋಚವನ್ನು ಅವು ಉಂಟುಮಾಡುವುದು ಕಷ್ಟ. 2017ರಿಂದ ದೊರೆಯುತ್ತಿರುವ ವಿಆರ್‌ಚಾಟ್‌ನಂತಹ ಹಂಚಿಕೆಯ ಲೋಕಗಳಲ್ಲಿ ಮಾತ್ರ ಜಪಾನಿನವರೂ ಕಲಿಯುವವರೂ ಒಂದೇ ಕಲ್ಪಿತ ಕೋಣೆಯಲ್ಲಿ ಮುಖಾಮುಖಿಯಾಗಬಲ್ಲರು. ಅಲ್ಲಿಯೂ ಒಂದು ತೊಡಕಿದೆ. ವ್ಯಕ್ತಿಯ ವಯಸ್ಸು, ಸ್ಥಾನಮಾನಗಳನ್ನು ಕಲ್ಪಿತ ವೇಷವು ಮರೆಮಾಡುತ್ತದೆ. ಗೌರವರೂಪಗಳ ಆಯ್ಕೆಯೋ ಬಹುಮಟ್ಟಿಗೆ ಅವುಗಳನ್ನೇ ಅವಲಂಬಿಸಿದೆ.

ದೇಹದ ವಿಷಯದಲ್ಲಿಯೂ ಹೀಗೆಯೇ. ಸೆನ್ ನೊ ರಿಕ್ಯೂ (1522–1591) ಅವರ ಹೆಸರಿನೊಡನೆ ತಳುಕು ಹಾಕಿಕೊಂಡಿರುವ ಚಹಾಕೋಣೆಯ ಕಿರುಬಾಗಿಲು ‘ನಿಜಿರಿಗುಚಿ’ ಸುಮಾರು 66 ಸೆಂ.ಮೀ. ಎತ್ತರದ್ದು. ಯಾವ ಅಂತಸ್ತಿನವರೇ ಆಗಲಿ ಮಂಡಿಯೂರಿ, ತಲೆಬಾಗಿಸಿಯೇ ಒಳಸರಿಯಬೇಕು. ಕೈಯಲ್ಲಿನ ಗುಂಡಿಯನ್ನೊತ್ತಿ ಬೇಕಾದಲ್ಲಿಗೆ ನೆಗೆಯುವ ಕಲ್ಪಿತ ಲೋಕದಲ್ಲಿ ಈ ಬಾಗುವಿಕೆಯೇ ತಪ್ಪಿಹೋಗುತ್ತದೆ. ಬಟ್ಟಲಿನ ಭಾರವಿಲ್ಲ, ಬಿಸಿಯಿಲ್ಲ, ಚಹಾದ ಕಹಿಯೂ ಇಲ್ಲ. (ನಿಜವಾಗಿಯೂ ನೆಲದ ಮೇಲೆ ಕುಳಿತು ಕಲಿಯುವವರ ಮಂಡಿನೋವು ಮಾತ್ರ ಕಲ್ಪಿತವಲ್ಲ.)

ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆಯು 2010ರಿಂದ ಐದು ಹಂತಗಳಲ್ಲಿ ನಡೆಯುತ್ತಿದೆ. ಅದರಲ್ಲಿ ಓದು, ಆಲಿಸುವಿಕೆಗಳಿಗೆ ಸ್ಥಾನವಿದೆ, ಮಾತನಾಡುವ ಪರೀಕ್ಷೆಯಿಲ್ಲ. ಪರೀಕ್ಷೆಯನ್ನೇ ಗುರಿಯಾಗಿಸಿಕೊಂಡ ಪಾಠಕ್ರಮವು ಬಿಟ್ಟುಬಿಡಬಹುದಾದ ಈ ಭಾಗದಲ್ಲಿಯೇ ಕಲ್ಪಿತ ಚಹಾಕೋಣೆಯ ಉಪಯೋಗವಿದೆ. ಅದಕ್ಕೆ ಬೋಧಕರ ನೆರವೂ ಬೇಕು. ಸಾಧನವನ್ನು ತಲೆಯಿಂದ ತೆಗೆದಿಟ್ಟ ಮೇಲೆ ಇಬ್ಬರು ವಿದ್ಯಾರ್ಥಿಗಳ ನಡುವೆ ಸಾಮಾನ್ಯ ಬಟ್ಟಲೊಂದನ್ನಿಟ್ಟು, ಮೊದಲು ಒಬ್ಬರನ್ನು ಹಿರಿಯರನ್ನಾಗಿ, ಬಳಿಕ ಮತ್ತೊಬ್ಬರನ್ನು ಹಿರಿಯರನ್ನಾಗಿ ಕೂರಿಸಿ ಅದೇ ಸಂಭಾಷಣೆಯನ್ನು ಮತ್ತೆ ಆಡಿಸಬಹುದು.