ಮಾರುವ ಮನೆಗೆ ಹೊಸ ಅಡುಗೆಮನೆ ಬೇಕೇ?

ಮನೆ ಮಾರುವ ಮಾತು ಶುರುವಾದ ಕೂಡಲೇ ನೆಂಟರಲ್ಲಿ ಒಬ್ಬರಾದರೂ ಹೇಳುತ್ತಾರೆ: "ಮೊದಲು ಅಡುಗೆಮನೆ ಒಡೆಸಿ ಮಾಡ್ಯುಲರ್ ಹಾಕಿಸಿ, ಆಮೇಲೆ ರೇಟು ಹೇಳಿ." ಕಡಪ ಕಲ್ಲಿನ ಕಟ್ಟೆ, ಬಾಗಿಲಿಲ್ಲದ ಸಿಮೆಂಟ್ ಶೆಲ್ಫು, ರೆಡ್ ಆಕ್ಸೈಡ್ ನೆಲ ಇರುವ ಮನೆಯವರಿಗೆ ಈ ಮಾತು ಕೇಳಿದರೆ ಮುಜುಗರ. ಕೈಸಾಲ ಮಾಡಿಯಾದರೂ ಕೆಲಸ ಹಿಡಿಸಿಬಿಡುತ್ತಾರೆ. ನಿವೃತ್ತಿಯಲ್ಲಿ ಬಂದ ಹಣವನ್ನು ಹೀಗೆ ಇನ್ನೊಬ್ಬರು ಅಡುಗೆ ಮಾಡಲಿರುವ ಕೋಣೆಗೆ ಸುರಿಯುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಆ ಸಲಹೆಯ ಹಿಂದಿರುವ ನಂಬಿಕೆಗಳಲ್ಲಿ ಹೆಚ್ಚಿನವಕ್ಕೆ ಬುಡವೇ ಇಲ್ಲ.

ತಪ್ಪು ಕಲ್ಪನೆ: ಹಾಕಿದ ದುಡ್ಡು ಬೆಲೆಯಲ್ಲಿ ವಾಪಸ್ ಬರುತ್ತದೆ

ಇದಕ್ಕೆ ಅಮೆರಿಕದ ಲೆಕ್ಕ ತೋರಿಸುವವರಿದ್ದಾರೆ. ಆ ಲೆಕ್ಕವನ್ನೇ ಪೂರ್ತಿ ಓದೋಣ. ಅಲ್ಲಿನ 'ಕಾಸ್ಟ್ ವರ್ಸಸ್ ವ್ಯಾಲ್ಯೂ' ವರದಿಯ 2024ರ ಅಂದಾಜಿನಂತೆ, ಅಡುಗೆಮನೆಗೆ ಸಣ್ಣ ಮಟ್ಟದ ರಿಪೇರಿ, ಹೊಸ ಬಾಗಿಲು, ಬಣ್ಣ ಮಾಡಿಸಿದರೆ ಖರ್ಚಿನ ಶೇ. 96ರಷ್ಟು ಮಾರಾಟದಲ್ಲಿ ಸಿಗುತ್ತದೆ. ಪೂರ್ತಿ ಕಿತ್ತು ಮಧ್ಯಮ ದರ್ಜೆಯಲ್ಲಿ ಹೊಸದು ಮಾಡಿದರೆ ಅರ್ಧದಷ್ಟು, ಐಷಾರಾಮಿಯಾಗಿ ಮಾಡಿದರೆ ಶೇ. 38 ಮಾತ್ರ. ಅಂದರೆ ಅಲ್ಲಿಯೂ ಖರ್ಚು ಹೆಚ್ಚಿದಷ್ಟೂ ನಷ್ಟವೇ ಹೆಚ್ಚು.

ನಮ್ಮಲ್ಲಿ ಸ್ಥಿತಿ ಇನ್ನೂ ಕಷ್ಟ. ಬಸವನಗುಡಿ, ಮಲ್ಲೇಶ್ವರ, ಜಯನಗರ ಅಥವಾ ಮೈಸೂರಿನ ಸರಸ್ವತಿಪುರದಂಥ ಕಡೆ ನಲವತ್ತು ವರ್ಷದ ಮನೆ ಕೊಳ್ಳಲು ಬರುವವರು ಮೊದಲು ನೋಡುವುದು ಸೈಟು: ಅಳತೆ ಎಷ್ಟು, ರಸ್ತೆ ಎಷ್ಟು ಅಗಲ, ಯಾವ ದಿಕ್ಕಿಗೆ ಮುಖ. ಬಹಳಷ್ಟು ಮಂದಿ ಮನೆ ಕೆಡವಿ ಕಟ್ಟುವ ಲೆಕ್ಕದಲ್ಲೇ ಬಂದಿರುತ್ತಾರೆ. ಅವರಿಗೆ ನಿಮ್ಮ ಹೊಸ ಚಿಮಣಿಯೂ ಒಂದೇ, ಹಳೆಯ ಹೊಗೆಗೂಡೂ ಒಂದೇ. 30x40 ಸೈಟಿನ ಮನೆಯಲ್ಲಿ ಮೂರು ಲಕ್ಷ ಸುರಿದಿರಿ ಎಂದಿಟ್ಟುಕೊಳ್ಳಿ. 1,200 ಚದರಡಿಗೆ ಹಂಚಿದರೆ ಚದರಡಿಗೆ 250 ರೂಪಾಯಿ. ಚೌಕಾಸಿಯ ಮೊದಲ ಐದು ನಿಮಿಷದಲ್ಲಿ ಕರಗಿ ಹೋಗುವ ಮೊತ್ತ ಅದು.

ಬ್ಯಾಂಕಿನ ಲೆಕ್ಕವನ್ನೂ ಮರೆಯಬಾರದು. ರಿಸರ್ವ್ ಬ್ಯಾಂಕ್ ನಿಯಮದಂತೆ 75 ಲಕ್ಷ ಮೀರಿದ ಗೃಹಸಾಲ ಆಸ್ತಿ ಮೌಲ್ಯದ ಶೇ. 75ನ್ನು ದಾಟುವಂತಿಲ್ಲ. ಆ ಮೌಲ್ಯ ಕಟ್ಟಲು ಬರುವ ಬ್ಯಾಂಕಿನ ವ್ಯಾಲ್ಯುಯರ್ ನೋಡುವುದು ಮುಖ್ಯವಾಗಿ ಜಾಗ, ಕಟ್ಟಡದ ವಿಸ್ತೀರ್ಣ, ವಯಸ್ಸು. ಕಪಾಟಿನ ಲ್ಯಾಮಿನೇಟ್ ಬಣ್ಣಕ್ಕೆ ಸಾಲ ಹುಟ್ಟುವುದು ಕಷ್ಟ. ನೀವು ಅಡುಗೆಮನೆಯ ಹೆಸರಿನಲ್ಲಿ ಕೇಳುವ ಹೆಚ್ಚುವರಿ ಹಣವನ್ನು ಕೊಳ್ಳುವವರು ಕೈಯಿಂದಲೇ ಹೊಂದಿಸಬೇಕು. ಅಲ್ಲಿಯೇ ಮಾತು ಮುರಿಯುತ್ತದೆ.

ಅಪಾರ್ಟ್‌ಮೆಂಟ್ ಫ್ಲಾಟಿನ ವಿಷಯ ಬೇರೆ, ಒಪ್ಪುತ್ತೇನೆ. ಬಾಡಿಗೆ ಮನೆ ಬಿಟ್ಟು ಮುಂದಿನ ತಿಂಗಳೇ ಹಾಲುಕ್ಕಿಸಬೇಕೆಂದು ಬರುವ ದಂಪತಿಗೆ ಅಡುಗೆಮನೆ ಬಳಸುವಂತಿರಬೇಕು. ಆದರೆ ಬಳಸುವಂತಿರುವುದಕ್ಕೆ ಮುರಿದ ಹಿಂಜು ಬದಲಿಸಿದರೆ, ಸೋರುವ ನಲ್ಲಿ ತೆಗೆದು ಹೊಸದು ಹಾಕಿದರೆ, ಜಿಡ್ಡು ಉಜ್ಜಿ ತೆಗೆದು ಸುಣ್ಣಬಣ್ಣ ಹೊಡೆಸಿದರೆ ಸಾಕು. ಬಣ್ಣ, ಡಿಸೈನು ಅವರ ಇಷ್ಟಕ್ಕೆ ಬಿಡಿ. ನೀವು ಆರಿಸಿದ ಹೊಳೆಯುವ ಕೆಂಪು ಶಟರ್ ಅವರಿಗೆ ಇಷ್ಟವಾಗದಿದ್ದರೆ ಎರಡು ಸಲ ಖರ್ಚಾದಂತೆ, ಒಮ್ಮೆ ನಿಮಗೆ, ಒಮ್ಮೆ ಅವರಿಗೆ.

ತಪ್ಪು ಕಲ್ಪನೆ: ಹಳೆಯದಾಗಿ ಕಂಡರೆ ಗಿರಾಕಿ ಓಡುತ್ತಾನೆ

ಗಿರಾಕಿ ಓಡುವುದು ಹಳೆಯದಕ್ಕಲ್ಲ, ಕೆಟ್ಟದ್ದಕ್ಕೆ. ಮನೆ ನೋಡಲು ಬಂದ ಹಿರಿಯ ಹೆಂಗಸೊಬ್ಬರ ಹಿಂದೆ ನಡೆದು ನೋಡಿ. ಕಪಾಟಿನ ಹೊಳಪಿನ ಮೇಲೆ ಅವರ ಕಣ್ಣು ನಿಲ್ಲುವುದಿಲ್ಲ. ನಲ್ಲಿ ತಿರುಗಿಸಿ ನೀರಿನ ರಭಸ ನೋಡುತ್ತಾರೆ. ಬಗ್ಗಿ ಸಿಂಕಿನ ಕೆಳಗಿನ ಬಾಗಿಲು ತೆಗೆಯುತ್ತಾರೆ. ಅಲ್ಲಿ ಪೈಪಿನ ಕೀಲಿನಿಂದ ತೊಟ್ಟಿಕ್ಕಿ ತೊಟ್ಟಿಕ್ಕಿ ಹಲಗೆ ಉಬ್ಬಿ, ಅಂಚಿನಲ್ಲಿ ಪದರ ಬಿಟ್ಟಿದ್ದರೆ ಬೆರಳಿಂದ ಒತ್ತುತ್ತಾರೆ. ಪುಡಿ ಉದುರಿದರೆ ಮುಗಿಯಿತು. ಆಮೇಲೆ ಗೋಡೆಯ ಬುಡದ ತೇವ, ಅಟ್ಟದ ಮೂಲೆಯ ಗೆದ್ದಲಿನ ಮಣ್ಣುಗೆರೆ, ಸುಟ್ಟು ಕಪ್ಪಾದ ಸ್ವಿಚ್ಚು ಎಲ್ಲವೂ ಒಂದರ ಹಿಂದೆ ಒಂದು ಕಣ್ಣಿಗೆ ಬೀಳುತ್ತವೆ.

ಇನ್ನೊಂದು ಕಡೆ, ಬಿರುಕಿಲ್ಲದ ಕಡಪ ಕಟ್ಟೆ ದಶಕಗಟ್ಟಲೆ ಬಾಳುವ ವಸ್ತು. ನುಣುಪಾಗಿ ಉಳಿದ ರೆಡ್ ಆಕ್ಸೈಡ್ ನೆಲವನ್ನು ಈಗ ಹೊಸ ಮನೆಗೆ ಹುಡುಕಿ ಹಾಕಿಸುವವರಿದ್ದಾರೆ. ಅದನ್ನು ಒಡೆದು, ಅಗ್ಗದಲ್ಲಿ ಮುಗಿಯಲಿ ಎಂದು ಪಾರ್ಟಿಕಲ್ ಬೋರ್ಡಿನ ಕಪಾಟು ಕೂರಿಸಿದರೆ ಗಟ್ಟಿ ಸಾಮಾನು ಕಳೆದು, ನೀರು ಬಿದ್ದರೆ ಊದಿಕೊಳ್ಳುವ ಸಾಮಾನು ತಂದಂತಾಯಿತು. ಸಿಂಕಿನ ಕೆಳಗೆ ಹಲಗೆ ಹಾಕಲೇಬೇಕಿದ್ದರೆ ಐಎಸ್ 710 ಗುರುತಿರುವ ಪ್ಲೈವುಡ್ ಕೇಳಿ. ಅದು ನೀರು ತಡೆಯುವ ದರ್ಜೆ.

ಹಳೆ ಅಡುಗೆಮನೆಯಲ್ಲಿ ನಿಜವಾಗಿ ಹಿಂದುಳಿದಿರುವುದು ವೈರಿಂಗ್. 2,000 ವ್ಯಾಟ್‌ನ ಇಂಡಕ್ಷನ್ ಒಲೆ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ; ಹಳೆಯ ಐದಾರು ಆಂಪಿಯರ್ ಸಾಕೆಟ್ ತಡೆಯುವುದಿಲ್ಲ. ಎರಡು 16 ಆಂಪಿಯರ್ ಪಾಯಿಂಟ್, ಅದಕ್ಕೆ ತಕ್ಕ ವೈರು, ಎಂಸಿಬಿ ಹಾಕಿಸಿ. ಆ ಹಣಕ್ಕೆ ಅರ್ಥವಿದೆ.

ತಪ್ಪು ಕಲ್ಪನೆ: ವಾಸ್ತು ಸರಿಯಿಲ್ಲದಿದ್ದರೆ ಅಡುಗೆಮನೆಯನ್ನು ಆಗ್ನೇಯಕ್ಕೆ ತಂದು ಮಾರಬೇಕು

ಬೇಡ. ಸ್ಥಳ ಬದಲಿಸುವುದೆಂದರೆ ನೀರು, ಒಳಚರಂಡಿ, ಗ್ಯಾಸು ಎಲ್ಲವನ್ನೂ ಎಳೆಯುವುದು. ಫ್ಲಾಟಿನಲ್ಲಾದರೆ ಕೆಳಗಿನ ಮನೆಯ ತಾರಸಿ ಸೋರುವ ಅಪಾಯ ಬೇರೆ. ವಾಸ್ತು ನಂಬುವ ಗಿರಾಕಿ ತನ್ನವರನ್ನೇ ಕರೆತಂದು ತೋರಿಸುತ್ತಾನೆ, ನಂಬದವನಿಗೆ ಆಗ್ನೇಯ ಬೇಕಾಗಿಯೇ ಇಲ್ಲ.

ತಪ್ಪು ಕಲ್ಪನೆ: ಖರ್ಚೆಲ್ಲ ತೆರಿಗೆಯಲ್ಲಿ ಕಳೆದುಹೋಗುತ್ತದೆ

24 ತಿಂಗಳಿಗಿಂತ ಹೆಚ್ಚು ಕೈಯಲ್ಲಿದ್ದ ಮನೆ ಮಾರಿದರೆ ಬರುವುದು ದೀರ್ಘಾವಧಿ ಬಂಡವಾಳ ಲಾಭ. 2024ರ ಜುಲೈ 23ರಿಂದ ಅದಕ್ಕೆ ತೆರಿಗೆ ಶೇ. 12.5. ಆ ದಿನಕ್ಕೂ ಮೊದಲು ಕೊಂಡದ್ದಾದರೆ, ಇಲ್ಲೇ ನೆಲೆಸಿದ ವ್ಯಕ್ತಿಗೆ ಹಣದುಬ್ಬರದ ಸೂಚ್ಯಂಕ ಹಿಡಿದು ಶೇ. 20ರ ಲೆಕ್ಕವೂ ಉಂಟು. ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. ಮನೆಗೆ ಮಾಡಿದ ಸುಧಾರಣೆಯ ಖರ್ಚನ್ನು ಲಾಭದಿಂದ ಕಳೆಯಬಹುದು, ನಿಜ. ಆದರೆ ಕಳೆಯುವುದು ಲಾಭದಿಂದ, ತೆರಿಗೆಯಿಂದ ಅಲ್ಲ. ಮೂರು ಲಕ್ಷ ಖರ್ಚಿಗೆ ಶೇ. 12.5ರಲ್ಲಿ ಉಳಿಯುವುದು 37,500 ರೂಪಾಯಿ. ಅದೂ ಬಿಲ್ಲು ಇದ್ದರೆ, ಅಧಿಕಾರಿ ಅದನ್ನು ಶಾಶ್ವತ ಸುಧಾರಣೆ ಎಂದು ಒಪ್ಪಿದರೆ. ಬಣ್ಣ ಬಳಿದದ್ದು, ಫ್ರಿಜ್ಜು, ಒಲೆ ಕೊಂಡದ್ದು ಸುಧಾರಣೆಯ ಲೆಕ್ಕಕ್ಕೆ ಬರುವುದಿಲ್ಲ.

ಅದೇ ಹಣದಲ್ಲಿ ಸ್ವಲ್ಪವನ್ನು ಕಾಗದಪತ್ರಕ್ಕೆ ಇಡಿ. ಈಗ ಊರೊಳಗಿನ ಆಸ್ತಿ ನೋಂದಣಿಗೆ ಇ-ಖಾತಾ ಬೇಕು. ಖಾತೆ ಇನ್ನೂ ತೀರಿಕೊಂಡ ಅಪ್ಪನ ಹೆಸರಿನಲ್ಲಿದ್ದರೆ ಎಂಥ ಅಡುಗೆಮನೆಯೂ ವ್ಯಾಪಾರ ಕುದುರಿಸದು. ಋಣಭಾರ ಪತ್ರ, ಕಂದಾಯದ ರಸೀದಿ, ನಕ್ಷೆ ಒಂದು ಫೈಲಿನಲ್ಲಿ ಸಿದ್ಧವಿದ್ದರೆ ಗಿರಾಕಿಯ ವಕೀಲರು ಬೇಗ ಹ್ಞೂಂ ಎನ್ನುತ್ತಾರೆ.

ತಪ್ಪು ಕಲ್ಪನೆ: ಮೇಲೆ ಟೈಲ್ಸ್ ಹಾಕಿ ಮುಚ್ಚಿದರೆ ಸೋರಿಕೆಯ ಮಾತೇ ಬರುವುದಿಲ್ಲ

ಎಲ್ಲಕ್ಕಿಂತ ಅಪಾಯದ ಸಲಹೆ ಇದು. ಗೋಡೆಯೊಳಗಿನ ಹಳೆ ಜಿಐ ಪೈಪು ತುಕ್ಕು ಹಿಡಿದು ಸೋರುತ್ತಿದ್ದರೆ ಪೈಪು ಬದಲಿಸಿ, ಇಲ್ಲವೇ ಗಿರಾಕಿಗೆ ಹೇಳಿ ಬೆಲೆಯಲ್ಲಿ ಬಿಟ್ಟುಕೊಡಿ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೇ ಕಲಮಿನಂತೆ, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ, ಆದರೆ ಮಾರುವವರಿಗೆ ಗೊತ್ತಿರುವ ಗಂಭೀರ ದೋಷವನ್ನು ತಿಳಿಸುವುದು ಮಾರುವವರ ಕರ್ತವ್ಯ. ಬೇರೆ ಕರಾರು ಇಲ್ಲದಿದ್ದಲ್ಲಿ, ತಿಳಿಸದೆ ಬಿಡುವುದನ್ನು ಅದೇ ಕಲಮು ವಂಚನೆ ಎಂದು ಕರೆಯುತ್ತದೆ.