ತಿರುಗಾಡುವ ಬೆಕ್ಕು, ಹೊಸ್ತಿಲಿನ ಎಚ್ಚರ

ಅಜೆಕಾರು, ಹಿರ್ಗಾನ, ಕಡ್ತಲದ ಕಡೆ ಸಾಮಾನ್ಯವಾಗಿ ಬೆಕ್ಕನ್ನು ಯಾರೂ ದುಡ್ಡು ಕೊಟ್ಟು ತರುವುದಿಲ್ಲ. ಮೀನಿನ ಅಂಗಡಿಯ ಬಳಿ ಸಿಕ್ಕಿದ ಮರಿ, ಯಾರೋ ರಸ್ತೆ ಬದಿಯಲ್ಲಿ ಬಿಟ್ಟುಹೋದ ಮರಿ, ಮಳೆಯಲ್ಲಿ ನೆನೆದು ಸಿಟೌಟಿಗೆ ಬಂದು ಕುಳಿತ ಮರಿ. ಮಕ್ಕಳು ಒಂದು ದಿನ ಹಾಲು ಹಾಕುತ್ತಾರೆ, ಅಲ್ಲಿಗೆ ಅದು ಮನೆಯದ್ದಾಗುತ್ತದೆ. ಹೀಗೆ ಬಂದ ಬೆಕ್ಕು ಮನೆಯೊಳಗೇ ಕೂರುವುದಿಲ್ಲ. ಬೆಳಗಾದರೆ ಅಡಿಕೆ ತೋಟ, ಮಧ್ಯಾಹ್ನ ಕಟ್ಟಿಗೆಯ ಕೊಟ್ಟಿಗೆ, ರಾತ್ರಿ ನೆರೆಮನೆಯ ಮಾಡು. ಒಮ್ಮೆ ಇಲಿ, ಒಮ್ಮೆ ಓತಿ, ಒಮ್ಮೆ ಹಕ್ಕಿಮರಿಯನ್ನು ಕಚ್ಚಿ ತಂದು ನಡುಮನೆಯಲ್ಲೇ ಇಡುತ್ತದೆ.

ಚಿಕಿತ್ಸಾಲಯಕ್ಕೆ ಬರುವ ತಾಯಂದಿರು ಇದರ ಬಗ್ಗೆ ಎರಡು ಪ್ರಶ್ನೆ ಕೇಳುತ್ತಾರೆ. "ಡಾಕ್ಟ್ರೇ, ಬೆಕ್ಕಿನಿಂದ ಮಕ್ಕಳಿಗೆ ರೋಗ ಬರುತ್ತದೆಯೇ? ಅದನ್ನು ಎಲ್ಲಾದರೂ ದೂರ ಬಿಟ್ಟು ಬರಬೇಕೇ?" ಮೊದಲನೆಯದಕ್ಕೆ ಉತ್ತರ: ಕೆಲವು ರೋಗಗಳು ಬರಬಹುದು. ಎರಡನೆಯದಕ್ಕೆ: ಬೇಡ. ಬೆಕ್ಕಿನ ತಿರುಗಾಟವನ್ನು ಪೂರ್ತಿ ನಿಲ್ಲಿಸುವುದು ಕಷ್ಟ. ಆದರೆ ಅದು ಹೊರಗಿನಿಂದ ತರುವ ತೊಂದರೆಯನ್ನು ಹೊಸ್ತಿಲಲ್ಲೇ ತಡೆಯುವುದು ಪ್ರತಿ ಮನೆಗೂ ಸಾಧ್ಯ.

ಕಟ್ಟಿಹಾಕಬೇಕೇ?

ಬೆಕ್ಕು ಅಶುದ್ಧ ಪ್ರಾಣಿಯಲ್ಲ, ಅದು ನಿಮ್ಮ ನಡುವೆ ಸುತ್ತಾಡಿಕೊಂಡಿರುವ ಜೀವಿ ಎಂದು ಪ್ರವಾದಿ(ಸ) ಹೇಳಿದ್ದನ್ನು ಅಬೂ ಖತಾದ(ರ) ವರದಿ ಮಾಡಿದ್ದಾರೆ. ಬೆಕ್ಕನ್ನು ಕೂಡಿಹಾಕಿ, ತಾನೂ ತಿನ್ನಿಸದೆ, ನೆಲದ ಜೀವಿಗಳನ್ನು ಹಿಡಿದು ತಿನ್ನಲೂ ಬಿಡದೆ ಸಾಯಿಸಿದ ಮಹಿಳೆ ಶಿಕ್ಷೆಗೆ ಗುರಿಯಾದ ಹದೀಸ್ ನಿಮಗೆ ಗೊತ್ತೇ ಇದೆ. ಈ ಎರಡೂ ಮಾತುಗಳಲ್ಲಿ ಬೆಕ್ಕಿನ ತಿರುಗಾಟವೂ ಬೇಟೆಯೂ ಅದರ ಸ್ವಭಾವ ಎಂಬ ಒಪ್ಪಿಗೆ ಇದೆ. ಹಾಗೆಂದು ಬೇಟೆ ತಿಂದ ಬಾಯಿಗೂ ಶುಚಿತ್ವದ ನಿಯಮ ಇಲ್ಲವೆಂದಲ್ಲ. ಬಾಯಲ್ಲಿ ಇಲಿಯ ರಕ್ತ ಇರುವಾಗಲೇ ಬೆಕ್ಕು ಪಾತ್ರೆಗೆ ಬಾಯಿಟ್ಟರೆ ಆ ನೀರನ್ನು ಚೆಲ್ಲಬೇಕು ಎಂದು ಫಿಕ್ಹ್ ಪಂಡಿತರು ಹೇಳಿದ್ದಾರೆ. ವೈದ್ಯನಾಗಿ ನಾನು ಹೇಳುವುದೂ ಅದನ್ನೇ. ಕುಡಿಯುವ ನೀರಿನ ಕೊಡ, ಮೀನಿನ ಪಾತ್ರೆ, ಹಾಲಿನ ಚೊಂಬಿಗೆ ಯಾವಾಗಲೂ ಮುಚ್ಚಳ ಇರಲಿ.

ಗೀರು, ಕಡಿತ: ಮದ್ದಿಗಿಂತ ಮೊದಲು ಸಾಬೂನು

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. ರೇಬೀಸ್ ನಾಯಿಯಿಂದ ಮಾತ್ರ ಬರುವುದಲ್ಲ, ಬೆಕ್ಕಿನಿಂದಲೂ ಬರುತ್ತದೆ. ತಿರುಗಾಡುವ ಬೆಕ್ಕು ಬೀದಿನಾಯಿ, ಮುಂಗುಸಿ, ಬೇರೆ ಬೆಕ್ಕುಗಳ ಜೊತೆ ಜಗಳವಾಡಿ ಬರುತ್ತದೆ. ಅದು ಯಾವುದರಿಂದ ಕಡಿಸಿಕೊಂಡಿದೆ ಎಂದು ನಮಗೆ ತಿಳಿಯುವುದಿಲ್ಲ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನನ್ನು ಉಳಿಸುವುದು ಹೆಚ್ಚುಕಡಿಮೆ ಅಸಾಧ್ಯ. ಅದಕ್ಕೆ ಮೊದಲೇ ಲಸಿಕೆ ಹಾಕಿಸಿಕೊಂಡರೆ ಪೂರ್ತಿ ತಡೆಯಬಹುದು.

ಮಗುವಿಗೆ ಬೆಕ್ಕು ಕಚ್ಚಿದರೆ ಅಥವಾ ಗೀರಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಯೇ ತೊಳೆಯಿರಿ. ಅರಿಶಿನ, ಸುಣ್ಣ, ಮೆಣಸಿನ ಪುಡಿ, ಕಾಫಿ ಪುಡಿ ಯಾವುದನ್ನೂ ಮೆತ್ತಬೇಡಿ, ಬಿಗಿಯಾಗಿ ಕಟ್ಟಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನವನ್ನು ಸೊನ್ನೆ ಎಂದು ಲೆಕ್ಕ ಹಾಕಿ 3, 7 ಮತ್ತು 28ನೇ ದಿನ ಮತ್ತೆ ಹಾಕಿಸಬೇಕು. ರಕ್ತ ಬಂದ ಗಾಯವಾದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಬೆಕ್ಕನ್ನು 10 ದಿನ ಕಣ್ಣಿಟ್ಟು ನೋಡಿ, ಆದರೆ ಆ 10 ದಿನ ಮುಗಿಯಲೆಂದು ಲಸಿಕೆಗೆ ಕಾಯಬೇಡಿ.

ನಾನು ಯುನಾನಿ ಓದಿದವನು. ಇಬ್ನು ಸೀನಾರ 'ಅಲ್ ಕಾನೂನ್'ನಲ್ಲಿ ಹುಚ್ಚು ನಾಯಿಯ ಕಡಿತದ ವಿವರಣೆ ಇದೆ. ಆದರೆ ಲೂಯಿ ಪಾಶ್ಚರ್ ಮನುಷ್ಯನಿಗೆ ಮೊದಲ ಬಾರಿ ರೇಬೀಸ್ ಲಸಿಕೆ ಕೊಟ್ಟದ್ದು 1885ರಲ್ಲಿ. ಲಸಿಕೆಯ ಬದಲಿಗೆ ಕೊಡಬಹುದಾದ ಕಷಾಯವಾಗಲಿ, ಮಾಜೂನ್ ಆಗಲಿ ಯುನಾನಿಯಲ್ಲಿ ಇಲ್ಲ. ನಾಟಿ ಮದ್ದಿನಲ್ಲೂ ಇಲ್ಲ. ಮಂತ್ರಿಸಿದ ನೀರು ಕುಡಿಸುವವರೂ ಮೊದಲು ಲಸಿಕೆ ಹಾಕಿಸಿಕೊಂಡು ಬರಲಿ.

ಇನ್ನೊಂದು ಮಾತು. ಬೈಗುಳಕ್ಕೆ ಹೆದರಿ ಮಕ್ಕಳು ಗೀರನ್ನು ಮುಚ್ಚಿಡುತ್ತಾರೆ. 'ಬೆಕ್ಕು ಮುಟ್ಟಿದರೆ ಜೋಕೆ' ಎನ್ನುವ ಬದಲು 'ಗೀರಿದರೆ ಕೂಡಲೇ ನನ್ನಲ್ಲಿ ಹೇಳು, ನಾನು ಬೈಯುವುದಿಲ್ಲ' ಎಂದು ಹೇಳಿಕೊಡಿ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುವುದರಿಂದ ಹೊರಗೆ ಸಣ್ಣದಾಗಿ ಕಂಡ ಗಾಯ ಒಂದೇ ದಿನದಲ್ಲಿ ಕೀವಾಗಬಹುದು. ಕೈ ಊದಿಕೊಂಡರೆ, ಕಂಕುಳಲ್ಲಿ ಗಂಟು ಕಾಣಿಸಿದರೆ, ಜ್ವರ ಬಂದರೆ ವೈದ್ಯರಿಗೆ ತೋರಿಸಿ. ಬೆಕ್ಕಿಗೂ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ ಹಾಕಿಸಿ.

ಇಲಿ ತಂದರೆ

ನಮ್ಮ ಕರಾವಳಿಯಲ್ಲಿ ಮಳೆಗಾಲ ಎಂದರೆ ಇಲಿ ಜ್ವರದ ಕಾಲವೂ ಹೌದು. ಬೆಕ್ಕಿದ್ದರೆ ಇಲಿಯ ಭಯವಿಲ್ಲ ಎಂದು ನಂಬಬೇಡಿ. ನ್ಯೂಯಾರ್ಕಿನಲ್ಲಿ ಸಂಶೋಧಕರು 79 ದಿನ ಕ್ಯಾಮೆರಾ ಇಟ್ಟು ನೋಡಿದಾಗ ಅಲ್ಲಿದ್ದ ಬೆಕ್ಕುಗಳು ಕೊಂದದ್ದು 2 ಹೆಗ್ಗಣ ಮಾತ್ರ. ಅಕ್ಕಿ, ಹಿಂಡಿ, ತೆಂಗಿನಕಾಯಿ ಮುಚ್ಚಿಡುವುದು, ಕಸ ತೆಗೆಯುವುದು ನಮ್ಮದೇ ಕೆಲಸ.

ಬೆಕ್ಕು ತಂದ ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಪ್ಲಾಸ್ಟಿಕ್ ಚೀಲವನ್ನು ಕೈಗೆ ಸುತ್ತಿಕೊಂಡು ಎತ್ತಿ, ಬಾವಿಯಿಂದ ದೂರ ಆಳವಾಗಿ ಹೂಳಿರಿ. ನೆಲವನ್ನು ಒಣಗಿದ ಹಿಡಿಸೂಡಿಯಿಂದ ಗುಡಿಸದೆ ಬ್ಲೀಚಿಂಗ್ ಪುಡಿಯ ನೀರಿನಿಂದ ಒರೆಸಿ. ತಂದದ್ದು ಹಾವಾದರೆ ಸತ್ತಿದೆ ಎಂದುಕೊಂಡು ಕೈಹಾಕಬೇಡಿ. ಅರೆಜೀವದ ಹಾವೂ ಕಚ್ಚುತ್ತದೆ.

ತೋಟಕ್ಕೆ ಇಲಿ ಪಾಷಾಣ ಇಡುವವರು ನೆರೆಯವರಿಗೂ ತಿಳಿಸಿ. ವಿಷ ತಿಂದ ಇಲಿಯನ್ನು ತಿಂದು ಬೆಕ್ಕೂ ಸಾಯುತ್ತದೆ.

ಗರ್ಭಿಣಿ ಇರುವ ಮನೆ

'ಸೊಸೆ ಬಸುರಿ, ಬೆಕ್ಕನ್ನು ಬಿಟ್ಟು ಬನ್ನಿ' ಎಂಬ ಮಾತು ತುಂಬ ಕೇಳುತ್ತೇವೆ. ಭಯಕ್ಕೆ ಕಾರಣ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ. ಇಲಿ, ಹಕ್ಕಿ ತಿಂದ ಬೆಕ್ಕಿನ ಹೊಟ್ಟೆಗೆ ಅದು ಸೇರುತ್ತದೆ. ಸಾಮಾನ್ಯವಾಗಿ ಮೊದಲ ಸಲ ಸೋಂಕಾದಾಗ ಒಂದರಿಂದ ಮೂರು ವಾರ ಮಲದಲ್ಲಿ ಹೊರಬರುತ್ತದೆ. ಮಲ ಬಿದ್ದ ಕೂಡಲೇ ಅದು ಅಂಟುವುದಿಲ್ಲ, ಸೋಂಕು ಹರಡುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು. ಆದ್ದರಿಂದ ಬೆಕ್ಕಿನ ಮಲವನ್ನು ದಿನವೂ ತೆಗೆದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಆ ಕೆಲಸವನ್ನು ಗರ್ಭಿಣಿಯ ಬದಲು ಗಂಡನೋ ಮೈದುನನೋ ಮಾಡಲಿ.

ಗರ್ಭಿಣಿ ಹೂಗಿಡದ ಮಣ್ಣಿಗೆ ಕೈಹಾಕುವಾಗ ಕೈಗವಸು ಹಾಕಲಿ, ಹಿತ್ತಿಲ ಸೊಪ್ಪು ತರಕಾರಿಯನ್ನು ಚೆನ್ನಾಗಿ ತೊಳೆಯಲಿ. ಸರಿಯಾಗಿ ಬೇಯದ ಮಾಂಸದಿಂದಲೂ ಇದೇ ಸೋಂಕು ಬರುತ್ತದೆ. ಬೆಕ್ಕನ್ನು ದೂರ ಬಿಟ್ಟು ಬಂದು ಅರೆಬೆಂದ ಕಬಾಬ್ ತಿಂದರೆ ಏನು ಪ್ರಯೋಜನ? ಅನುಮಾನವಿದ್ದರೆ ನಿಮ್ಮನ್ನು ನೋಡುತ್ತಿರುವ ವೈದ್ಯರಲ್ಲಿ ರಕ್ತಪರೀಕ್ಷೆಯ ಬಗ್ಗೆ ಕೇಳಿ.

ಮರಳ ರಾಶಿ, ಹುಳ, ಉಣ್ಣಿ

ಮನೆ ಕಟ್ಟಲು ತಂದು ಹಾಕಿದ ಮರಳ ರಾಶಿ ಬೆಕ್ಕಿಗೆ ಶೌಚಾಲಯ, ಮಕ್ಕಳಿಗೆ ಆಟದ ಜಾಗ. ಆ ಮರಳಿನಿಂದ ಕೊಕ್ಕೆಹುಳದ ಮರಿಗಳು ಬರಿಗಾಲಿನ ಚರ್ಮದೊಳಗೆ ಹೊಕ್ಕು ತುರಿಸುವ ಗೆರೆ ಎಳೆಯುತ್ತವೆ. ರಾಶಿಗೆ ಟಾರ್ಪಾಲು ಮುಚ್ಚಿ. ಬೆಕ್ಕಿಗೆ ಮೂರು ತಿಂಗಳಿಗೊಮ್ಮೆ ಜಂತುಹುಳದ ಮದ್ದು ಕೊಡಿಸಿ. ಮಗುವಿನ ಮೈಮೇಲೆ ದುಂಡನೆಯ ತುರಿಕೆ, ಬೆಕ್ಕಿನ ಮೈಯಲ್ಲಿ ಕೂದಲು ಉದುರಿದ ಜಾಗ ಎರಡೂ ಒಟ್ಟಿಗೆ ಕಂಡರೆ ಅದು ಹುಳಕಡ್ಡಿ ಇರಬಹುದು. ಇಬ್ಬರಿಗೂ ಚಿಕಿತ್ಸೆ ಆಗಬೇಕು.

ಉಣ್ಣಿ, ಚಿಗಟಕ್ಕೆಂದು ನಾಯಿಗೆ ಹಾಕುವ ಮದ್ದನ್ನು ಬೆಕ್ಕಿಗೆ ಹಾಕಬೇಡಿ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕು ಸಾಯಬಹುದು. ಜ್ವರ ಬಂತೆಂದು ಪ್ಯಾರಸಿಟಮಾಲ್ ಕೊಡುವುದೂ ಅದಕ್ಕೆ ವಿಷವೇ.

ಬೇಟೆ ಕಡಿಮೆ ಮಾಡಲು

ನಾವು ಬೆಕ್ಕಿಗೆ ಹಾಕುವುದು ಹೆಚ್ಚಾಗಿ ಮೀನುಸಾರು ಕಲಸಿದ ಅನ್ನ. ಸಾರಿನ ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಹಾಳು ಮಾಡುತ್ತದೆ. ಅನ್ನದಿಂದ ಹೊಟ್ಟೆ ತುಂಬಿದರೂ ಮಾಂಸದ ಬಯಕೆ ತೀರುವುದಿಲ್ಲ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಂಸದ ಅಂಶ ಹೆಚ್ಚಿದ್ದ ಆಹಾರ ಕೊಟ್ಟಾಗ ಬೆಕ್ಕು ಮನೆಗೆ ತರುವ ಬೇಟೆ 36% ಇಳಿಯಿತು. ದಿನಕ್ಕೆ 5ರಿಂದ 10 ನಿಮಿಷ ಆಟವಾಡಿಸಿದಾಗ 25% ಇಳಿಯಿತು. ಕೊರಳಿಗೆ ಕಟ್ಟಿದ ಗಂಟೆಯಿಂದ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಉಪ್ಪು, ಮಸಾಲೆ ಹಾಕದೆ ಬೇಯಿಸಿದ ಕೋಳಿ ಅಥವಾ ಮುಳ್ಳು ತೆಗೆದ ಬಂಗುಡೆ ಕೊಡಿ. ಸಂಜೆ ಹಗ್ಗದ ತುದಿಗೆ ಬಟ್ಟೆ ಕಟ್ಟಿ ಮಕ್ಕಳು ಆಡಿಸಲಿ. ಹಿತ್ತಿಲಿನ ಪಿಕಳಾರ, ಮಡಿವಾಳ ಹಕ್ಕಿಗಳಿಗೂ ಅಷ್ಟು ಬದುಕು ಸಿಗುತ್ತದೆ.

ಮಗ್‌ರಿಬ್‌ಗೆ ಒಳಗೆ, ಸುಬಹ್‌ಗೆ ಹೊರಗೆ

ಘಟ್ಟದ ಬುಡದ ಊರು ನಮ್ಮದು. ರಾತ್ರಿ ಚಿರತೆ, ಹೆಬ್ಬಾವು, ನಾಯಿ, ವಾಹನ ಎಲ್ಲವೂ ಬೆಕ್ಕಿಗೆ ಅಪಾಯ. ಬೆಕ್ಕುಗಳ ಜಗಳ ಹೆಚ್ಚುವುದೂ ಆಗಲೇ. ಮಗ್‌ರಿಬ್ ಹೊತ್ತಿಗೆ ಊಟ ಹಾಕುವ ರೂಢಿ ಮಾಡಿದರೆ ಕೆಲವೇ ದಿನಗಳಲ್ಲಿ ಬೆಕ್ಕು ತಾನಾಗಿ ಬರುತ್ತದೆ. ಆಮೇಲೆ ಬಾಗಿಲು ಹಾಕಿ, ಸುಬಹ್ ನಮಾಜ್ ಆದ ಮೇಲೆ ಬಿಡಿ. ಒಳಗೆ ಒಂದು ತಟ್ಟೆ ಮರಳು ಇಡಿ, ಬೆಳಗ್ಗೆ ತೆಗೆಯಿರಿ. ನಮಾಜ್‌ನ ಚಾಪೆಯನ್ನು ಮಡಚಿ ಮೇಲಿಡಿ. ಉದುರಿದ ಕೂದಲಿನ ವಿಷಯದಲ್ಲಿ ಮದ್ಹಬ್‌ಗಳ ನಡುವೆ ವ್ಯತ್ಯಾಸವಿರುವುದರಿಂದ ನಿಮ್ಮ ಉಸ್ತಾದರಲ್ಲಿ ಕೇಳಿ.

ಗಂಡು ಬೆಕ್ಕು ದೂರ ತಿರುಗುವುದಕ್ಕೂ ಕಾದಾಡುವುದಕ್ಕೂ ಮುಖ್ಯ ಕಾರಣ ಸಂತಾನದ ಬಯಕೆ. ಹೆಣ್ಣು ಬೆಕ್ಕಿನ ಗರ್ಭಾವಧಿ ಎರಡು ತಿಂಗಳಷ್ಟೇ. ವರ್ಷ ಕಳೆಯುವುದರೊಳಗೆ ಒಂದು ಬೆಕ್ಕು ಹತ್ತಾಗಬಹುದು, ಆ ಮರಿಗಳೇ ಮುಂದೆ ರಸ್ತೆ ಬದಿಗೆ ಬೀಳುವುದು. ಐದಾರು ತಿಂಗಳಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬಹುದು. ಇದರ ಬಗ್ಗೆ ಧಾರ್ಮಿಕ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ನಿಮ್ಮ ಖತೀಬರ ಜೊತೆಗೂ ಪಶುವೈದ್ಯರ ಜೊತೆಗೂ ಮಾತಾಡಿ ನಿರ್ಧರಿಸಿ.

ಈ ವಾರ ಮೂರು ಕೆಲಸ ಮಾಡಿ. ಬೆಕ್ಕಿಗೆ ಲಸಿಕೆ ಹಾಕಿಸಿದ ದಿನಾಂಕವನ್ನು ಅಡುಗೆ ಮನೆಯ ಕ್ಯಾಲೆಂಡರಿನಲ್ಲಿ ಬರೆಯಿರಿ, ಹಾಕಿಸಿಲ್ಲದಿದ್ದರೆ ಹಾಕಿಸಿ. ಬಾಗಿಲ ಹೊರಗಿನ ನಳ್ಳಿಯ ಬಳಿ ಒಂದು ಸಾಬೂನು ಇಡಿ. ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಸಿಗುತ್ತದೆ ಎಂದು ಈಗಲೇ ವಿಚಾರಿಸಿ, ಫೋನ್ ನಂಬರ್ ಬರೆದಿಡಿ.