ಹಳೇ ಸೈಕಲ್: ದೋಷ ಎಲ್ಲಿದೆ?



ಮೂಲೆ ಸೇರಿದ ಸೈಕಲ್ಲನ್ನು ಮಕ್ಕಳ ಶಾಲೆಗೋ ನಿಮ್ಮ ಕೆಲಸಕ್ಕೋ ಮತ್ತೆ ರೆಡಿ ಮಾಡ್ತಿದ್ದೀರಾ? ಬನಶಂಕರಿ, ಜೆ.ಪಿ. ನಗರದ ಏರಿನಲ್ಲಿ ಪೆಡಲ್ ಒತ್ತಿದಾಗ ಚೈನ್ ಜಾರಿದರೆ ಬೀಳೋದು ಬಸ್ಸು, ಲಾರಿಗಳ ನಡುವೆ. ಆದ್ದರಿಂದ ಮೊದಲು ಹೀಗೆ ಪರೀಕ್ಷಿಸಿ:

1. ಎರಡೂ ಕ್ರ್ಯಾಂಕ್ ಹಿಡಿದು ಅಲ್ಲಾಡಿಸಿ. ಒಂದೇ ಅಲ್ಲಾಡಿದರೆ ಕಾಟರ್ ಪಿನ್ ಸಡಿಲ. ಎರಡೂ ಒಟ್ಟಿಗೆ ಅಕ್ಕಪಕ್ಕ ಅಲ್ಲಾಡಿದರೆ ಒಳಗಿನ ಕಪ್, ಬಾಲ್ಸ್ ನೋಡಿಸಿ.

2. ಚೈನನ್ನು ಸೀಮೆಎಣ್ಣೆ ಇಲ್ಲವೇ ಡೀಸೆಲ್‌ನಲ್ಲಿ ತೊಳೆದು, ಎಳೆದು ಹಿಡಿದು, ಪಿನ್ನಿನಿಂದ ಪಿನ್ನಿಗೆ 24 ಕೊಂಡಿ ಅಳೆಯಿರಿ. ಹೊಸದಾದರೆ ಸರಿಯಾಗಿ 12 ಇಂಚು. 1.5 ಮಿ.ಮೀ. ಹೆಚ್ಚಿದ್ದರೆ ಚೈನ್ ಬದಲಿಸಿ. 3 ಮಿ.ಮೀ. ದಾಟಿದ್ದರೆ ಹಲ್ಲುಗಳೂ ಸವೆದಿರುತ್ತವೆ. ಬರೀ ಹೊಸ ಚೈನ್ ಹಾಕಿದರೆ ಹಳೇ ಹಲ್ಲಿನ ಮೇಲೆ ಹಾರುತ್ತದೆ. ಫ್ರೀವೀಲ್, ಚೈನ್‌ವೀಲ್ ಎರಡನ್ನೂ ನೋಡಿಸಿ.

3. ಚೈನ್ ಓಡಿದರೂ ಚಕ್ರ ತಿರುಗದಿದ್ದರೆ ಫ್ರೀವೀಲ್ ಒಳಗಿನ ಕೊಕ್ಕೆಗಳು ಗಟ್ಟಿಯಾದ ಗ್ರೀಸಿಗೆ ಅಂಟಿರಬಹುದು. ಸೀಮೆಎಣ್ಣೆ ಬಿಟ್ಟು ತಿರುಗಿಸಿ, ಆಮೇಲೆ ಆಯಿಲ್ ಹಾಕಿ. ಆಗಲೂ ಜಾರಿದರೆ ಫ್ರೀವೀಲ್ ಬದಲಿಸುವವರೆಗೆ ಓಡಿಸಬೇಡಿ.

ಅಂಗಡಿಯಲ್ಲಿ "ಎಲ್ಲಾ ಬದಲಿಸಿ" ಅನ್ನಬೇಡಿ. ಕೆಟ್ಟದ್ದು ಯಾವುದೆಂದು ತೋರಿಸಿ. ಉಳಿದ ದುಡ್ಡಿನಲ್ಲಿ ಬ್ರೇಕ್ ರಬ್ಬರ್ ಹಾಕಿಸಿ.